ನೇರಳೆ ಗೋಡೆ ನೀಲಿಯಾದ ಕೋಣೆ: ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಇಪ್ಪತ್ತೆಂಟು ವರ್ಷ ಚಿತ್ರಕಲಾ ಶಿಕ್ಷಕನಾಗಿದ್ದೆ. ಅದರಲ್ಲಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ನಮ್ಮ ತರಗತಿಯ ಗೋಡೆಯ ಮೇಲೆ ಡಚ್ ಚಿತ್ರಕಾರ ವ್ಯಾನ್ ಗೋನ ಸೂರ್ಯಕಾಂತಿ ಹೂಗಳ ಪೋಸ್ಟರೊಂದು ತೂಗುತ್ತಿತ್ತು. ಬೆಂಗಳೂರಿನ ಅಂಗಡಿಯೊಂದರಲ್ಲಿ, ಆ ಕಾಲಕ್ಕೆ ನನ್ನ ಸಂಬಳಕ್ಕೆ ದುಬಾರಿಯೇ ಆಗಿದ್ದ ಬೆಲೆ ಕೊಟ್ಟು ತಂದದ್ದು. ಹಳದಿಯ ಮೇಲೆ ಹಳದಿ ಇಟ್ಟರೂ ಹೂವು ಗೋಡೆಯಲ್ಲಿ ಕರಗಿಹೋಗದಂತೆ ನೋಡಿಕೊಂಡವನು ಈತ ಎಂದು ಮಕ್ಕಳಿಗೆ ಹೇಳುತ್ತಿದ್ದೆನಾದರೂ ಆ ಪೋಸ್ಟರಿನಲ್ಲಿ ಅದು ಕಾಣುತ್ತಿರಲಿಲ್ಲ; ಮುದ್ರಣದಲ್ಲಿ ಹಳದಿಗಳೆಲ್ಲ ಒಂದೇ ಆಗಿ, ಅರಿಸಿನಕ್ಕೆ ಸುಣ್ಣ ತಾಗಿದಂತೆ ಕೆಂಪಿಗೆ ತಿರುಗಿದ್ದವು. ಕಾಣದ್ದನ್ನು ಕಾಣುತ್ತದೆಂದು ಮಕ್ಕಳೆದುರು ಸಾಧಿಸಿದ ಸಂಕೋಚ ನನ್ನಲ್ಲಿ ಉಳಿದೇ ಇತ್ತು. ಮಗಳು ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಆಮ್ಸ್ಟೆಲ್‌ವೇನ್‌ನಲ್ಲಿ ಮನೆ ಮಾಡಿದ ಮೇಲೆ ಆ ಸಂಕೋಚವನ್ನು ಕಳೆದುಕೊಳ್ಳುವ ಅವಕಾಶ ಸಿಕ್ಕಿತು. ಹೋದದ್ದು ಎರಡು ಸಲ, ಒಟ್ಟು ಸುಮಾರು ಏಳು ತಾಸು.

ಮೊದಲು ವ್ಯವಹಾರದ ಮಾತು ಮುಗಿಸುತ್ತೇನೆ. ಟಿಕೆಟ್ಟನ್ನು ಮ್ಯೂಸಿಯಂನ ಸ್ವಂತ ಜಾಲತಾಣದಲ್ಲಿ, ದಿನ ಮತ್ತು ಗಂಟೆಯನ್ನು ಆರಿಸಿ, ಮುಂಚಿತವಾಗಿಯೇ ಕೊಳ್ಳಬೇಕು. ಹದಿನೆಂಟು ವರ್ಷದೊಳಗಿನವರಿಗೆ ಪ್ರವೇಶ ಉಚಿತ, ಆದರೆ ಅವರಿಗೂ ಸಮಯ ಕಾದಿರಿಸಬೇಕು. ಮೊದಲ ಸಲ ನಾವು ಅವಸರದಲ್ಲಿ ಮಧ್ಯವರ್ತಿ ಜಾಲತಾಣವೊಂದರ ಮೂಲಕ ಟಿಕೆಟ್ ಕೊಂಡು, ಅಸಲು ಬೆಲೆಯ ಒಂದೂವರೆ ಪಟ್ಟು ತೆತ್ತೆವು. ಓದುಗರು ಆ ದಾರಿ ಹಿಡಿಯಬಾರದು. ಶನಿವಾರ ಮಧ್ಯಾಹ್ನ ಹೋದದ್ದೂ ನಮ್ಮದೇ ತಪ್ಪು. ಎರಡನೆಯ ಸಲ ವಾರದ ನಡುವಿನ ದಿನ, ಮುಚ್ಚುವುದಕ್ಕೆ ಮೂರು ತಾಸು ಇರುವಾಗ ಒಳಗೆ ಹೋದೆವು, ಆಗ ಒಂದೊಂದು ಚಿತ್ರದ ಮುಂದೆಯೂ ಬೇಕಾದಷ್ಟು ಹೊತ್ತು ನಿಲ್ಲಲು ಸಾಧ್ಯವಾಯಿತು. ಇನ್ನೊಂದು ಮಾತು: ಅಲ್ಲಿನ ಜನ ಈ ಹೆಸರನ್ನು ನಾವು ಹೇಳುವಂತೆ ಹೇಳುವುದಿಲ್ಲ. ಗಂಟಲಿನಿಂದ ಎಳೆದು, ನಮ್ಮ ಕಿವಿಗೆ ‘ಫಾನ್ ಖೋಖ್’ ಎಂಬಂತೆ ಕೇಳಿಸುವ ಹಾಗೆ ಉಚ್ಚರಿಸುತ್ತಾರೆ. ನಾನು ರೂಢಿಯ ಹೆಸರನ್ನೇ ಬಳಸುತ್ತೇನೆ.

ಮ್ಯೂಸಿಯಂ ತೆರೆದದ್ದು 1973ರಲ್ಲಿ. ಮುಖ್ಯ ಕಟ್ಟಡದ ವಿನ್ಯಾಸ ಖೆರಿಟ್ ರೀಟ್‌ವೆಲ್ಡ್ ಎಂಬ ಡಚ್ ವಾಸ್ತುಶಿಲ್ಪಿಯದು. ಒಬ್ಬನೇ ಕಲಾವಿದನ ಇನ್ನೂರಕ್ಕೂ ಹೆಚ್ಚು ವರ್ಣಚಿತ್ರಗಳು ಒಂದೇ ಸೂರಿನಡಿ ಇರುವುದರಿಂದ ಇಲ್ಲಿ ಒಂದು ಅನುಕೂಲವಿದೆ. ಬಣ್ಣ ಒಬ್ಬ ಮನುಷ್ಯನ ಕೈಯಲ್ಲಿ ಹೇಗೆ ಬೆಳೆಯಿತು ಎಂಬುದನ್ನು, ಹತ್ತು ವರ್ಷಗಳ ಅವಧಿಯನ್ನು ಒಂದು ಮಧ್ಯಾಹ್ನದಲ್ಲಿ ನಡೆದು ನೋಡಬಹುದು. ಆತ ಚಿತ್ರಕಾರನಾಗಲು ತೀರ್ಮಾನಿಸಿದ್ದು 1880ರಲ್ಲಿ, ತೀರಿಕೊಂಡದ್ದು 1890ರ ಜುಲೈ 29ರಂದು. ನಡುವಿನದ್ದೇ ಎಲ್ಲ.

1885ರ ‘ಆಲೂಗಡ್ಡೆ ತಿನ್ನುವವರು’ ಚಿತ್ರದ ಮುಂದೆ ಹೆಚ್ಚಿನವರು ಬೇಗ ಮುಂದೆ ಸಾಗುತ್ತಾರೆ, ಕಪ್ಪಗಿದೆ ಎಂದು. ದಯವಿಟ್ಟು ಸಾಗಬೇಡಿ. ನ್ಯೂನೆನ್ ಎಂಬ ಹಳ್ಳಿಯ ರೈತ ಕುಟುಂಬದ ಐವರು ಒಂದು ದೀಪದ ಕೆಳಗೆ ಕೂತು, ಒಂದೇ ತಟ್ಟೆಯಿಂದ ಆಲೂಗಡ್ಡೆ ತಿನ್ನುತ್ತಿದ್ದಾರೆ. ಅವರ ಮುಖಗಳಿಗೆ ಮೊದಲು ಮೈಬಣ್ಣವನ್ನೇ ಹಚ್ಚಿದ್ದ ವ್ಯಾನ್ ಗೋ, ಅದು ಸರಿಬಾರದೆ ಮತ್ತೆ ಬರೆದು, ಈಗ ಆ ಮುಖಗಳು ಸಿಪ್ಪೆ ತೆಗೆಯದ, ಧೂಳು ಹತ್ತಿದ ಆಲೂಗಡ್ಡೆಯ ಬಣ್ಣದಲ್ಲಿವೆ ಎಂದು ತಮ್ಮ ಥಿಯೋನಿಗೆ ಬರೆದ. ಮಣ್ಣಿನಿಂದ ಅನ್ನ ತೆಗೆದವರ ಮೈಗೆ ಮಣ್ಣಿನದೇ ಬಣ್ಣ. ಇಷ್ಟು ಮಾತ್ರವಾದರೆ ಅದು ಒಂದು ಉಪಮೆಯಷ್ಟೇ ಆಗುತ್ತಿತ್ತು; ಹತ್ತಿರ ಹೋದಾಗ ತಿಳಿಯುವುದು ಬೇರೆ. ಆ ಕಂದುಬಣ್ಣ ಡಬ್ಬಿಯಿಂದ ನೇರ ಬಂದದ್ದಲ್ಲ. ಕೆಂಪು, ನೀಲಿ, ಹಳದಿಗಳನ್ನು ಬೆರೆಸಿ ಕಟ್ಟಿದ ಬೂದು. ಚಿತ್ರದಲ್ಲಿ ನಮ್ಮ ಕಣ್ಣಿಗೆ ಬಿಳಿ ಎನಿಸುವ ಹೆಂಗಸರ ತಲೆವಸ್ತ್ರವನ್ನು ಬೇರೆಯಾಗಿ ನೋಡಿದರೆ ಅದು ಸಾಕಷ್ಟು ಗಾಢವಾದ ಬೂದು. ಸುತ್ತಲಿನ ಕತ್ತಲೆಯಿಂದಾಗಿ ಅದು ಬಿಳಿಯಾಗಿದೆ. ಬಲಗೈಯನ್ನು ಕೊಳವೆ ಮಾಡಿ ಒಂದು ಕಣ್ಣಿಗೆ ಹಿಡಿದು ಆ ವಸ್ತ್ರವೊಂದನ್ನೇ ನೋಡಿದೆ, ಬಿಳಿ ಮಾಯವಾಯಿತು. ಕೈ ತೆಗೆದೆ, ಮತ್ತೆ ಬಂತು. ಪಕ್ಕದಲ್ಲಿದ್ದ ಕಾವಲಿನ ಹುಡುಗಿ ಈ ಆಟವನ್ನು ನೋಡಿ ನಕ್ಕಳು, ಬಹುಶಃ ಇಂಥ ಮೇಷ್ಟರುಗಳು ಆಕೆಗೆ ಹೊಸಬರಲ್ಲ.

ಯಾವ ಬಣ್ಣವೂ ಒಂಟಿಯಾಗಿ ಮಾತಾಡುವುದಿಲ್ಲ, ಪಕ್ಕದ ಬಣ್ಣದ ಜೊತೆ ಸೇರಿಯೇ ಮಾತಾಡುತ್ತದೆ ಎಂಬ ಈ ತಿಳಿವು ವ್ಯಾನ್ ಗೋನ ಮುಂದಿನ ಎಲ್ಲ ಚಿತ್ರಗಳಿಗೂ ಬುನಾದಿ. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ ಎದುರು ಜೋಡಿ. ಚಿತ್ರಕಲೆಯ ಪಾಠದಲ್ಲಿ ಇವನ್ನು ಪೂರಕ ವರ್ಣಗಳೆನ್ನುತ್ತೇವೆ. ಬೆರೆಸಿದರೆ ಒಂದನ್ನೊಂದು ಬೂದಾಗಿಸುತ್ತವೆ, ಪಕ್ಕಪಕ್ಕದಲ್ಲಿಟ್ಟರೆ ಒಂದನ್ನೊಂದು ಉರಿಸುತ್ತವೆ. ಇದನ್ನು ಆತ ಫ್ರೆಂಚ್ ಚಿತ್ರಕಾರ ದೆಲಕ್ರುವಾನ ಚಿತ್ರಗಳನ್ನು ಕುರಿತು ಓದಿ ಕಲಿತ. ಉಣ್ಣೆ ಎಳೆಗಳನ್ನಿಟ್ಟುಕೊಂಡು ಅಭ್ಯಾಸವನ್ನೂ ಮಾಡಿದ. ಬಗೆಬಗೆಯ ಬಣ್ಣದ ಎಳೆಗಳನ್ನು ಒಟ್ಟಿಗೆ ಸುತ್ತಿದ ಉಣ್ಣೆ ಉಂಡೆಗಳಿರುವ ಆತನ ಒಂದು ಕೆಂಪು ಅರಗಿನ ಪೆಟ್ಟಿಗೆ ಮ್ಯೂಸಿಯಂನ ಸಂಗ್ರಹದಲ್ಲಿದೆ, ಅದರ ಚಿತ್ರವನ್ನು ಅವರ ಜಾಲತಾಣದಲ್ಲಿ ನೋಡಬಹುದು. ನ್ಯೂನೆನ್‌ನಲ್ಲಿ ಆತ ನೇಕಾರರ ನಡುವೆಯೇ ಇದ್ದು 1884ರಲ್ಲಿ ಮಗ್ಗಗಳನ್ನು ಮತ್ತೆ ಮತ್ತೆ ಬರೆದವನು. ಹಾಸಿನದೊಂದು, ಹೊಕ್ಕಿನದೊಂದು ಬಣ್ಣವಿಟ್ಟು, ಮಡಿಕೆಯಲ್ಲೊಂದು ಹೊಳಪು, ಬಿಚ್ಚಿದಾಗ ಇನ್ನೊಂದು ಹೊಳಪು ಬರುವಂತೆ ರೇಷ್ಮೆ ಸೀರೆ ನೇಯುವವರಿಗೆ ಈ ವಿದ್ಯೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನ್ನ ಹಳೆಯ ಪಾಠವೊಂದನ್ನು ತಿದ್ದಿಕೊಳ್ಳಬೇಕಾಯಿತು. ಬಣ್ಣ ಮತ್ತು ಭಾವದ ಸಂಬಂಧವನ್ನು ನಾನು ಕಲಿಸುತ್ತಿದ್ದದ್ದು ನಾಟ್ಯಶಾಸ್ತ್ರದ ಕ್ರಮದಲ್ಲಿ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು. ರಂಗದ ಮೇಲೆ ಅದು ಬೇಕಾದ ವ್ಯವಸ್ಥೆ. ವೇಷ ಕಂಡ ಕೂಡಲೇ ಪಾತ್ರದ ಸ್ವಭಾವ ದೂರದ ಪ್ರೇಕ್ಷಕನಿಗೂ ತಿಳಿಯಬೇಕು. ಆದರೆ ಅದನ್ನೇ ಚಿತ್ರಕ್ಕೂ ಹೊಂದಿಸಿ, ಕೆಂಪು ಎಂದರೆ ಸಿಟ್ಟು, ನೀಲಿ ಎಂದರೆ ದುಃಖ ಎಂದು ಪರೀಕ್ಷೆಯ ಉತ್ತರದಂತೆ ಬರೆಸಿದ್ದು ತಪ್ಪಾಯಿತು. ವ್ಯಾನ್ ಗೋನ ಕೆಂಪನ್ನೇ ನೋಡಿ. 1888ರ ಸೆಪ್ಟೆಂಬರಿನಲ್ಲಿ ಆತ ಫ್ರಾನ್ಸಿನ ಆರ್ಲ್ ಪಟ್ಟಣದ ಒಂದು ರಾತ್ರಿ ಕೆಫೆಯನ್ನು ಬರೆದ. ಆ ಚಿತ್ರ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ, ನಾನು ನೋಡಿರುವುದು ಅಚ್ಚಿನಲ್ಲಿ ಮಾತ್ರ. ರಕ್ತಗೆಂಪು ಗೋಡೆ, ನಡುವೆ ಹಸಿರು ಬಿಲಿಯರ್ಡ್ಸ್ ಮೇಜು, ಮೇಲೆ ನಿಂಬೆಹಳದಿಯ ನಾಲ್ಕು ದೀಪಗಳು. ಮನುಷ್ಯನ ಭಯಂಕರ ವಿಕಾರಗಳನ್ನು ಕೆಂಪು-ಹಸಿರುಗಳಿಂದ ಹೇಳಲು ಯತ್ನಿಸಿದ್ದೇನೆ ಎಂದು ತಮ್ಮನಿಗೆ ತಿಳಿಸಿದ. ಅದಾದ ಸುಮಾರು ಐದು ವಾರಗಳಿಗೆ ಅದೇ ಕೈ, ಅದೇ ಊರು: ಅಕ್ಟೋಬರಿನಲ್ಲಿ ಆತ ತನ್ನ ಮಲಗುವ ಕೋಣೆಯನ್ನು ಬರೆದ. ಅದರಲ್ಲೂ ಕಡುಗೆಂಪು ಹೊದಿಕೆಯಿದೆ, ಹಸಿರು ಕಿಟಕಿಯಿದೆ. ಆದರೆ ಈ ಬಾರಿ ಬಣ್ಣಗಳು ವಿಶ್ರಾಂತಿಯನ್ನು, ನಿದ್ದೆಯನ್ನು ಸೂಚಿಸಬೇಕು ಎಂಬುದು ಆತನ ಉದ್ದೇಶ.

ಆ ‘ಮಲಗುವ ಕೋಣೆ’ಯ ಮೊದಲ ಆವೃತ್ತಿ ಈ ಮ್ಯೂಸಿಯಂನಲ್ಲಿದೆ, ಮತ್ತು ನನ್ನ ಏಳು ತಾಸುಗಳಲ್ಲಿ ಒಂದು ತಾಸಿಗಿಂತ ಹೆಚ್ಚು ಅದರ ಮುಂದೆಯೇ ಕಳೆಯಿತು. ಅಗಲ ಒಂದು ಮೀಟರಿಗೂ ಕಡಿಮೆ. 1888ರ ಅಕ್ಟೋಬರ್ 16ರ ಪತ್ರದಲ್ಲಿ ವ್ಯಾನ್ ಗೋ ಇದರ ಬಣ್ಣಗಳನ್ನು ಕಿರಾಣಿ ಚೀಟಿಯಂತೆ ಒಂದೊಂದಾಗಿ ಬರೆದಿದ್ದಾನೆ: ಗೋಡೆಗಳು ತೆಳು ನೇರಳೆ, ನೆಲ ಕೆಂಪು ಹೆಂಚಿನದು, ಮಂಚ ಮತ್ತು ಕುರ್ಚಿಗಳು ಹೊಸ ಬೆಣ್ಣೆಯ ಹಳದಿ, ಹಾಸು ದಿಂಬುಗಳು ಎಳೆ ನಿಂಬೆ ಹಸಿರು, ಹೊದಿಕೆ ಕಡುಗೆಂಪು, ಕಿಟಕಿ ಹಸಿರು, ಮುಖ ತೊಳೆಯುವ ಮೇಜು ಕಿತ್ತಳೆ, ಬೋಗುಣಿ ನೀಲಿ, ಬಾಗಿಲುಗಳು ನಸು ನೇರಳೆ. ನೆರಳುಗಳನ್ನು ಬೇಕೆಂದೇ ಬಿಟ್ಟು, ಜಪಾನಿನ ಅಚ್ಚುಚಿತ್ರಗಳಂತೆ ಚಪ್ಪಟೆಯಾಗಿ ಬಣ್ಣ ಹಚ್ಚಿದ್ದಾಗಿಯೂ ಹೇಳಿದ್ದಾನೆ. ಈ ಪಟ್ಟಿಯನ್ನು ನಾನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡು ಹೋಗಿದ್ದೆ. ಮಗಳು ಅದನ್ನು ಕೈಯಲ್ಲಿ ಹಿಡಿದು ಚಿತ್ರಕ್ಕೂ ಹಾಳೆಗೂ ತಾಳೆ ನೋಡತೊಡಗಿದಳು. ಹೊದಿಕೆ ಸರಿ, ಮಂಚ ಸರಿ, ಬೋಗುಣಿ ಸರಿ. ಗೋಡೆಗೆ ಬಂದಾಗ ನಿಂತಳು. “ಅಪ್ಪಾ, ನೇರಳೆ ಎಲ್ಲೈತಿ? ಬರೇ ನೀಲಿನ ಕಾಣಾಕತ್ತೈತಲ್ಲ!”

ಅವಳ ಕಣ್ಣು ಸರಿಯಾಗಿಯೇ ನೋಡಿತ್ತು. ಗೋಡೆ ಈಗ ನೀಲಿ, ಬಾಗಿಲುಗಳೂ ನೀಲಿ. ವ್ಯಾನ್ ಗೋ ನೇರಳೆಯನ್ನು ನೀಲಿಗೆ ಕೆಂಪು ಬೆರೆಸಿ ಮಾಡಿದ್ದ, ಆ ಕೆಂಪು ಬೆಳಕಿಗೆ ತಾಳಲಿಲ್ಲ. ಹತ್ತೊಂಬತ್ತನೆಯ ಶತಮಾನದ ಎರಡನೆಯ ಅರ್ಧದಲ್ಲಿ ಬಂದ ಕೃತಕ ಬಣ್ಣಗಳಿಂದ ತಯಾರಾದ ಕೆಂಪುಗಳಲ್ಲಿ ಕೆಲವು, ಅದರಲ್ಲೂ ಜೆರೇನಿಯಂ ಲೇಕ್ ಎಂಬುದು, ಕಣ್ಣು ಕುಕ್ಕುವಷ್ಟು ಚೆಲುವಾಗಿದ್ದವು, ಅಷ್ಟೇ ಬೇಗ ಮಾಸುವಂಥವೂ ಆಗಿದ್ದವು. ಕೆಂಪು ಹೋದ ಮೇಲೆ ಉಳಿದದ್ದು ನೀಲಿ. ಇದನ್ನು ಮ್ಯೂಸಿಯಂ ಮುಚ್ಚಿಡುವುದಿಲ್ಲ, ತಾನಾಗಿಯೇ ಹೇಳುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಸಂಸ್ಥೆಯ ದೊಡ್ಡ ಗುಣ ಇದೇ. ಜಗತ್ತಿನ ಮೂಲೆಮೂಲೆಯಿಂದ ದುಡ್ಡು ಸುರಿದು ಬಣ್ಣ ನೋಡಲು ಬಂದವರಿಗೆ, ನೀವು ನೋಡುತ್ತಿರುವುದು ಆತ ಹಚ್ಚಿದ ಬಣ್ಣವಲ್ಲ ಎಂದು ಹೇಳುವುದಕ್ಕೆ ಎದೆಗಾರಿಕೆ ಬೇಕು.

ಹಾಗಾದರೆ ಅರ್ಥದಲ್ಲಿ ಏನು ಬದಲಾಯಿತು? ಹಾಳೆಯ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ ಅದು ಜೋಡಿಗಳ ಪಟ್ಟಿಯೆಂದು ತಿಳಿಯುತ್ತದೆ. ಕಿತ್ತಳೆ ಮೇಜಿನ ಮೇಲೆ ನೀಲಿ ಬೋಗುಣಿ, ಕೆಂಪು ಹೊದಿಕೆಗೆ ಹಸಿರು ಕಿಟಕಿ, ಬೆಣ್ಣೆಹಳದಿಯ ಮಂಚಕ್ಕೆ ನೇರಳೆ ಗೋಡೆ. ಮೂರೂ ಜೋಡಿಗಳು ಒಂದೇ ಕೋಣೆಯಲ್ಲಿ ತೂಗಿಕೊಂಡಿದ್ದಾಗ ಯಾವುದೂ ಇನ್ನೊಂದರ ಮೇಲೆ ಕೂಗುವುದಿಲ್ಲ. ಆತ ಹೇಳಿದ ವಿಶ್ರಾಂತಿ ಬಂದದ್ದು ಆ ಸಮತೂಕದಿಂದ ಎಂಬುದು ನನ್ನ ತಿಳುವಳಿಕೆ. ಮೂರನೆಯ ಜೋಡಿ ಮುರಿದ ಮೇಲೆ ಹಳದಿ ಮಂಚ ನೀಲಿ ಗೋಡೆಯ ಎದುರು ತುಸು ಹೆಚ್ಚೇ ಮುಂದಕ್ಕೆ ನೂಕಿದಂತಿದೆ, ಗೋಡೆ ತಣ್ಣಗಾಗಿದೆ. ಬಹಳ ಜನ ಈ ಕೋಣೆಯಲ್ಲಿ ಒಂಟಿತನವನ್ನೂ ಕಳವಳವನ್ನೂ ಕಾಣುತ್ತಾರೆ. ಅದಕ್ಕೆ ಆತನ ಮುಂದಿನ ಬದುಕಿನ ಕಥೆ ಎಷ್ಟು ಕಾರಣವೋ ಮಾಸಿದ ಕೆಂಪೂ ಅಷ್ಟೇ ಕಾರಣವಿರಬಹುದು ಎಂದು ಅಲ್ಲಿ ನಿಂತಾಗ ನನಗೆ ಅನಿಸಿತು. ಈ ಕೃತಿಗೆ ಬೇರೆ ಕಷ್ಟಗಳೂ ಬಂದಿವೆ. ಆತ ಆಸ್ಪತ್ರೆಯಲ್ಲಿದ್ದಾಗ ಮನೆಗೆ ತೇವ ಹೊಕ್ಕು ಚಿತ್ರ ಕೆಟ್ಟಿತು, ಆ ಕಾರಣಕ್ಕೇ 1889ರಲ್ಲಿ ಮತ್ತೊಂದನ್ನು ಬರೆದ, ಅದು ಶಿಕಾಗೋದಲ್ಲಿದೆ. ಇನ್ನೂ ಚಿಕ್ಕದಾದ ಮೂರನೆಯದು ಪ್ಯಾರಿಸ್ಸಿನಲ್ಲಿದೆ. ಈ ಕೋಣೆಯಿದ್ದ ಆರ್ಲ್‌ನ ‘ಹಳದಿ ಮನೆ’ಯಂತೂ 1944ರ ಬಾಂಬ್ ದಾಳಿಗೆ ಸಿಕ್ಕಿ ಹೋಯಿತು.

ಬಣ್ಣ ನಿಲ್ಲುವುದಿಲ್ಲವೆಂದು ಆತನಿಗೆ ತಿಳಿದಿರಲಿಲ್ಲವೇ ಎಂದರೆ, ಚೆನ್ನಾಗಿಯೇ ತಿಳಿದಿತ್ತು. ಹೊಸ ಚಿತ್ರಕಾರರು ರೂಢಿಗೆ ತಂದ ಬಣ್ಣಗಳು ಸ್ಥಿರವಲ್ಲ, ಹಾಗಿರುವುದರಿಂದಲೇ ಅವನ್ನು ಧೈರ್ಯವಾಗಿ, ಅತಿ ಎನಿಸುವಷ್ಟು ಹಸಿಯಾಗಿ ಬಳಸಬೇಕು, ಕಾಲವೇ ಅವನ್ನು ಮೆತ್ತಗೆ ಮಾಡುತ್ತದೆ ಎಂದು 1888ರ ವಸಂತದಲ್ಲೇ ತಮ್ಮನಿಗೆ ಬರೆದಿದ್ದ. ಚಿತ್ರಗಳೂ ಹೂವಿನಂತೆ ಬಾಡುತ್ತವೆ ಎಂದು ಇನ್ನೊಂದು ಕಡೆ ಹೇಳಿದ್ದಾನೆ. ಮಾಸುವುದನ್ನು ಮುಂಗಂಡು ಉಪ್ಪು ಒಂದು ಹಿಡಿ ಹೆಚ್ಚೇ ಹಾಕಿದ ಅಡುಗೆಯಂತೆ, ಆದರೆ ಉಪ್ಪಿನ ಲೆಕ್ಕ ತಪ್ಪಿತು.

1890ರ ಮೇ ತಿಂಗಳಲ್ಲಿ, ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಿಂದ ಹೊರಡುವ ಮುನ್ನ ಬರೆದ ಐರಿಸ್ ಹೂಗಳ ಚಿತ್ರದಲ್ಲಿ ಈ ಲೆಕ್ಕ ಇನ್ನೂ ನೇರವಾಗಿ ಕಾಣುತ್ತದೆ. ಹಳದಿ ಹಿನ್ನೆಲೆಯಲ್ಲಿ ನೇರಳೆ ಹೂಗಳನ್ನಿಟ್ಟು, ಎದುರುಬದುರಾದ ಬಣ್ಣಗಳು ಪರಸ್ಪರ ಉರಿಯಬೇಕು ಎಂಬುದೇ ಅದರ ಉದ್ದೇಶ. ಈಗ ಹೂಗಳು ನೀಲಿ. ಚಿತ್ರ ಈಗಲೂ ಸುಂದರವೇ, ಮುಂದೆ ಜನ ನಿಂತೇ ಇರುತ್ತಾರೆ. ಆದರೆ ಬೆಂಕಿ ಅರ್ಧ ಆರಿದೆ. ಅದೇ ವರ್ಷದ ಫೆಬ್ರವರಿಯ ಬಾದಾಮಿ ಹೂಗಳಲ್ಲಿ ನಷ್ಟ ಇಷ್ಟು ನೋಯಿಸುವುದಿಲ್ಲ. ಥಿಯೋನಿಗೆ ಜನವರಿ 31ರಂದು ಗಂಡು ಮಗು ಹುಟ್ಟಿ, ಅದಕ್ಕೆ ದೊಡ್ಡಪ್ಪನ ಹೆಸರನ್ನೇ ಇಟ್ಟಾಗ, ತೊಟ್ಟಿಲಿನ ಉಡುಗೊರೆಯಾಗಿ ಬರೆದದ್ದು ಅದು. ಕಾಂಡವಿಲ್ಲ, ನೆಲವಿಲ್ಲ, ಬರೀ ತಿಳಿನೀಲಿಯ ಮೇಲೆ ಹರಡಿದ ಕೊಂಬೆಗಳು. ಅಂಗಾತ ಮಲಗಿದ ಕೂಸಿನ ಕಣ್ಣಿಗೆ ಕಾಣುವ ಮರ. ಹೂಗಳಲ್ಲಿ ಮೊದಲು ಇದ್ದ ನಸುಗೆಂಪು ಮಾಸಿ ಈಗ ಅವು ಹೆಚ್ಚಾಗಿ ಬಿಳಿ. ಆ ಕೂಸು ಬೆಳೆದು ಎಂಜಿನಿಯರ್ ಆಗಿ, ತಾಯಿ ಯೋ ಜತನವಾಗಿ ಉಳಿಸಿದ್ದ ಚಿತ್ರಗಳನ್ನು ಮಾರಿ ಚದುರಿಸದೆ, ಈ ಮ್ಯೂಸಿಯಂ ನೆಲೆಗೊಳ್ಳಲು ಕಾರಣನಾದ. ಇಡೀ ಕಟ್ಟಡದಲ್ಲಿ ನನಗೆ ಅತ್ಯಂತ ಆಪ್ತವಾದ ಸಂಗತಿ ಇದು.

ನನ್ನ ಪೋಸ್ಟರಿನ ಮೂಲಕ್ಕೆ ಬರುತ್ತೇನೆ. ಇಲ್ಲಿರುವ ಸೂರ್ಯಕಾಂತಿ 1889ರ ಜನವರಿಯದು, ಹಿಂದಿನ ಆಗಸ್ಟಿನಲ್ಲಿ ಬರೆದ, ಈಗ ಲಂಡನ್ನಿನಲ್ಲಿರುವ ಚಿತ್ರವನ್ನು ಆತ ತಾನೇ ಮತ್ತೆ ಬರೆದದ್ದು. ಮೊದಲ ಸೂರ್ಯಕಾಂತಿಗಳನ್ನು ಬರೆದದ್ದು, ಆರ್ಲ್‌ಗೆ ಬರಲಿದ್ದ ಚಿತ್ರಕಾರ ಗೆಳೆಯ ಗೊಗ್ಯಾನ್‌ನ ಕೋಣೆಯನ್ನು ಅಲಂಕರಿಸಲು. ಈ ಹೂಗಳು ತನ್ನ ಪಾಲಿಗೆ ಕೃತಜ್ಞತೆಯನ್ನು ಸೂಚಿಸುತ್ತವೆ ಎಂದು ಮುಂದೆ ಆತ ಬರೆದ. ಗೋಡೆ ಹಸಿರು ಸೋಕಿದ ನಿಂಬೆಹಳದಿ, ಮೇಜು ಅದಕ್ಕಿಂತ ಗಟ್ಟಿ ಹಳದಿ, ಎಸಳುಗಳು ಒಣಹುಲ್ಲಿನಿಂದ ಹಿಡಿದು ಜೋಳದ ರೊಟ್ಟಿ ತುಸು ಸೀದ ಬಣ್ಣದವರೆಗೆ. ಬದಿಗೆ ಸರಿದು ಓರೆಯಾಗಿ ನೋಡಿದರೆ ಬೀಜದ ಭಾಗಗಳಲ್ಲಿ ಬಣ್ಣ ಗೋಡೆಗೆ ತಟ್ಟಿದ ಕುಳ್ಳಿನಂತೆ ದಪ್ಪಗೆ ಎದ್ದು ನಿಂತಿದೆ. ಹಳದಿಯ ಮೇಲಿನ ಹಳದಿ ಕರಗದಿರುವುದು ಬಣ್ಣದ ಭೇದದಿಂದ ಅರ್ಧ, ಈ ಉಬ್ಬಿನ ನೆರಳಿನಿಂದ ಅರ್ಧ. ಪೋಸ್ಟರಿನಲ್ಲಿ ಕಾಣದೆ ಹೋದದ್ದು ಇದೇ. ಹೂವಿಗೆ ಜಾಗ ಸಾಲದೆ ಕ್ಯಾನ್ವಾಸಿನ ಮೇಲ್ತುದಿಗೆ ಒಂದು ಮರದ ಪಟ್ಟಿ ಜೋಡಿಸಿ ಅದಕ್ಕೂ ಬಣ್ಣ ಹಚ್ಚಿರುವುದನ್ನು ಹುಡುಕಿ ನೋಡಿ. ಆತನ ಹಳದಿ ಹೆಚ್ಚಾಗಿ ಸೀಸದ ಕ್ರೋಮೇಟಿನಿಂದಾದ ಕ್ರೋಮ್ ಹಳದಿ. ಬೆಳಕು ತಾಗಿದಂತೆ ಅದರೊಳಗಿನ ಕ್ರೋಮಿಯಂ ಬದಲಾಗಿ ಮೇಲ್ಪದರ ಕಂದಾಗುತ್ತದೆ, ಕೆಲವು ಬಗೆಯ ತಿಳಿ ಕ್ರೋಮ್ ಹಳದಿಗಳಲ್ಲಿ ಇನ್ನೂ ಬೇಗ. ಅಂದರೆ ನಮ್ಮ ಶಾಲೆಯ ಪೋಸ್ಟರ್ ಒಂದೇ ದಿನಕ್ಕೆ ಮಾಡಿದ್ದನ್ನು ಕಾಲ ನಿಧಾನವಾಗಿ ಮಾಡುತ್ತಿದೆ. ಈ ಚಿತ್ರವನ್ನು ಇನ್ನು ಎಲ್ಲಿಗೂ ಎರವಲು ಕಳಿಸುವುದಿಲ್ಲವೆಂದು ಮ್ಯೂಸಿಯಂ 2019ರಲ್ಲಿ ತೀರ್ಮಾನಿಸಿತು. ಕೋಣೆಗಳ ಬೆಳಕನ್ನು ಮಂದವಾಗಿಟ್ಟಿರುವುದಕ್ಕೂ ಬಣ್ಣವನ್ನು ಕಾಯುವುದೇ ಕಾರಣ. ಹೊರಗಿನ ಬಿಸಿಲಿನಿಂದ ಬಂದವರು ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಬೇಕು.

ಕಾಗೆಗಳ ಗೋಧಿಹೊಲದ ಬಗ್ಗೆ ಎರಡೇ ಮಾತು. ಅದು ಆತನ ಕೊನೆಯ ಚಿತ್ರವೆಂಬ ಪ್ರತೀತಿ ಸರಿಯಲ್ಲ; ಕೊನೆಯದಿರಬೇಕೆಂದು ವಿದ್ವಾಂಸರು ಎಣಿಸುವ ಮರದ ಬೇರುಗಳ ಚಿತ್ರವೂ ಇದೇ ಸಂಗ್ರಹದಲ್ಲಿದೆ. ಕಡುನೀಲಿ ಆಕಾಶದ ಕೆಳಗೆ ಹೊಂಬಣ್ಣದ ಹೊಲ, ಹಸಿರು ಅಂಚಿನ ಕೆಮ್ಮಣ್ಣಿನ ದಾರಿ. ಮತ್ತೆ ಅವೇ ಜೋಡಿಗಳು. ಆ ದಿನಗಳ ಹೊಲದ ಚಿತ್ರಗಳಲ್ಲಿ ದುಃಖವನ್ನೂ ಕಡುಒಂಟಿತನವನ್ನೂ ಹೇಳಲು ಯತ್ನಿಸಿದ್ದಾಗಿ ಬರೆದ ಪತ್ರದಲ್ಲೇ, ಹಳ್ಳಿಗಾಡಿನಲ್ಲಿ ತಾನು ಕಾಣುವ ಆರೋಗ್ಯವನ್ನೂ ಬಲವನ್ನೂ ಅವು ಹೇಳುತ್ತವೆ ಎಂದಿದ್ದಾನೆ. ಜನ ಮೊದಲರ್ಧವನ್ನಷ್ಟೇ ನೆನಪಿಡುತ್ತಾರೆ.

ಯಾರು ಹೋಗಬೇಕು? ಚಿತ್ರ ಬರೆಯುವವರು, ಬಟ್ಟೆಯ ಬಣ್ಣದ ಕೆಲಸ ಮಾಡುವವರು, ಮಕ್ಕಳಿಗೆ ಕಲಿಸುವವರು ಖಂಡಿತ ಹೋಗಬೇಕು, ಕನಿಷ್ಠ ಮೂರು ತಾಸು ಇಟ್ಟುಕೊಂಡು. ಯುರೋಪ್ ಪ್ರವಾಸದ ಬಸ್ಸಿನವರು ಕೊಡುವ ಮುಕ್ಕಾಲು ಗಂಟೆಯಲ್ಲಿ ಇದು ಆಗುವ ಮಾತಲ್ಲ. ಅಷ್ಟೇ ಸಮಯವಿದ್ದರೆ ‘ಆಲೂಗಡ್ಡೆ’, ‘ಮಲಗುವ ಕೋಣೆ’, ಐರಿಸ್ ಮೂರನ್ನೇ ನೋಡಿ ಹೊರಬನ್ನಿ. ನಿಮಗೆ ಬೇಕಾದ ಚಿತ್ರ ಆ ದಿನ ಗೋಡೆಯ ಮೇಲಿದೆಯೇ ಎಂಬುದನ್ನು ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಹೋಗಲಾಗದವರಿಗೂ ಒಂದು ದಾರಿಯಿದೆ: ವ್ಯಾನ್ ಗೋ ಬರೆದ ಮತ್ತು ಆತನಿಗೆ ಬಂದ ಒಟ್ಟು 902 ಪತ್ರಗಳನ್ನು 2009ರಿಂದ ಇಂಗ್ಲಿಷ್ ಅನುವಾದದೊಂದಿಗೆ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಬಣ್ಣ ಮಾಸಿದೆ, ಆದರೆ ಬಣ್ಣದ ಹೆಸರುಗಳು ಶಾಯಿಯಲ್ಲಿ ಹಾಗೆಯೇ ಉಳಿದಿವೆ.

ಊರಿಗೆ ಮರಳಿದ ಮೇಲೆ, ಈಗಲೂ ವಾರಕ್ಕೊಂದು ದಿನ ಹೋಗುವ ನಮ್ಮ ಶಾಲೆಯಲ್ಲಿ, ಪೋಸ್ಟರನ್ನು ಗೋಡೆಯಿಂದ ಇಳಿಸಿದೆ. ಕೋಣೆಯ ಗೆರೆಚಿತ್ರವೊಂದನ್ನು ಎಂಟನೆಯ ತರಗತಿಯವರಿಗೆ ಹಂಚಿ, ಮೂಲವನ್ನು ತೋರಿಸದೆ, ಅಕ್ಟೋಬರ್ 16ರ ಪತ್ರದ ಪಟ್ಟಿಯನ್ನಷ್ಟೇ ಓದಿ ಬಣ್ಣ ತುಂಬಲು ಹೇಳಿದೆ. ‘ಗೋಡೆಗಳು ತೆಳು ನೇರಳೆ’ ಎನ್ನುತ್ತಿದ್ದಂತೆ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು: “ಸರ್, ನೇರಳೆ ಅಂದ್ರ ಯಾವ್ದ್ರೀ, ಬದನೀಕಾಯಿದೋ, ನೇರಳೆ ಹಣ್ಣಿಂದೋ?” ಪತ್ರದಲ್ಲಿ ಅದು ಇರಲಿಲ್ಲ. ಎರಡನ್ನೂ ಹಚ್ಚಿ, ಹಳದಿ ಮಂಚದ ಪಕ್ಕದಲ್ಲಿ ಯಾವುದು ಸುಮ್ಮನೆ ಕೂರುತ್ತದೆಯೋ ನೋಡು ಎಂದೆ.